ಜಗಲಿಯ ಮೇಲಿನ ಎಣಿಕೆ

ಇದನ್ನು ಹೇಳುವುದಕ್ಕೆ ಮೊದಲು ಕ್ಷಮೆ ಕೇಳಬೇಕು. ರೋಗದ ವಿಷಯವನ್ನು ವೈದ್ಯರು ಹೇಳಬೇಕು, ಗರಡಿಯ ವಿಷಯವನ್ನು ಗರಡಿಯವರು ಹೇಳಬೇಕು. ಎರಡೂ ಪೂರ್ತಿ ತಿಳಿಯದವರು ಎರಡನ್ನೂ ಸೇರಿಸಿ ಹೇಳಹೊರಟರೆ ತಪ್ಪು ಬರದೆ ಇರುವುದಿಲ್ಲ. ಅದೂ ಅಲ್ಲದೆ ಇದರಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ. ಹೇಳುವಾಗ ಒಬ್ಬರ ಮೇಲೆ ಭಾರ ಹೆಚ್ಚಾಗಿ ಬಿದ್ದರೆ ಅದು ಹೇಳಿದವರ ತಪ್ಪೇ ಹೊರತು ಆ ಮನೆಯವರದಲ್ಲ. ತಿಳಿದವರು ತಿದ್ದಿಕೊಂಡು ಓದಬೇಕು.

ಐವತ್ತೊಂಬತ್ತನೆಯ ಇಸವಿ, ಆಷಾಢ ಮಾಸ. ಶಿವಮೊಗ್ಗದ ಕೋಟೆಯ ಹಿಂದಿನ ಬೀದಿಯಲ್ಲಿ ಭೂತಪ್ಪ ಎಂದರೆ ಗೊತ್ತಿಲ್ಲದವರಿರಲಿಲ್ಲ. ಮೂವತ್ತು ವರ್ಷ ಗರಡಿಮನೆಯ ಉಸ್ತಾದನಾಗಿದ್ದವನು. ಈಗ ಗರಡಿಗೆ ಬರುವ ಹುಡುಗರು ಕಡಿಮೆಯಾಗಿ, ಕುಸ್ತಿಯಾಡುವ ಮಟ್ಟಿಯ ಕೆಮ್ಮಣ್ಣು ಗಟ್ಟಿಯಾಗಿತ್ತು. ಆದರೂ ಕೈ ಉಳುಕಿದವರು, ಸೊಂಟ ಹಿಡಿದವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಎಣ್ಣೆ ಹಚ್ಚಿ, ಮಾತಿಗೆ ಎಳೆದು, ಬಂದವನು ನಗುತ್ತಿರುವಾಗಲೇ ಲಟಕ್ಕನೆ ಕೀಲು ಕೂರಿಸಿಬಿಡುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ. ಗರಡಿಯ ಆಂಜನೇಯನಿಗೆ ಒಂದು ತೆಂಗಿನಕಾಯಿ ಒಡೆದರೆ ಸಾಕು ಅನ್ನುತ್ತಿದ್ದ. ಇಡೀ ಪೇಟೆಯ ಕೀಲು ಕೂರಿಸಿದವನ ಮನೆಯಲ್ಲೇ ಕೀಲಿನ ಕಾಯಿಲೆ ಬಂತು.

ಬಂದದ್ದು ಸೊಸೆ ಚಿನ್ನಮ್ಮನಿಗೆ. ಮಲವಗೊಪ್ಪದ ಲಿಂಗಪ್ಪನ ಮಗಳು, ಇಪ್ಪತ್ತೆರಡು ವರ್ಷ. ಮದುವೆಯಾಗಿ ಮೂರು ವರ್ಷವಾಗಿದ್ದರೂ ಇನ್ನೂ ಮಕ್ಕಳಾಗಿರಲಿಲ್ಲ. ಅವಳ ಗಂಡ ಮಾರಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ; ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದ. ಅತ್ತೆ ಯಲ್ಲಮ್ಮ ಬೆಳಕು ಹರಿಯುವ ಮೊದಲೇ ಸೊಪ್ಪಿನ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಹೋದರೆ ಬರುವುದು ಹತ್ತಕ್ಕೆ. ಹೀಗಾಗಿ ಮನೆಯ ಬೆಳಗಿನ ಕೆಲಸವೆಲ್ಲ ಚಿನ್ನಮ್ಮನದೇ.

ಮೊದಲು ಹೊಳೆಯಲ್ಲಿ ಬಟ್ಟೆ ಹಿಂಡುವಾಗ ಬೆರಳು ಹಿಡಿಯಲಿಲ್ಲ. ಮಾರಪ್ಪನ ಖಾಕಿ ಪ್ಯಾಂಟನ್ನು ನೀರು ಸೋರುತ್ತಿದ್ದ ಹಾಗೇ ಹೊತ್ತು ತಂದು ಹಗ್ಗಕ್ಕೆ ಹಾಕಿದಳು. ಆಮೇಲೆ ಮುದ್ದೆ ತೊಳಸುವುದಕ್ಕೆ ಆಗದಾಯಿತು. ಎರಡು ಕೈಯಲ್ಲಿ ಕೋಲು ಹಿಡಿದು ಹಿಟ್ಟನ್ನು ಒತ್ತಿ ತಿರುವಬೇಕು. ಅವಳ ಮಣಿಕಟ್ಟು ತಿರುಗಲೇ ಇಲ್ಲ.

"ಏನೇ ಇದು? ಮುದ್ದೆ ತುಂಬಾ ಗಂಟು," ಅಂದಳು ಯಲ್ಲಮ್ಮ ಊಟಕ್ಕೆ ಕೂತು.

"ಗಂಟಾದ್ರೇನವ್ವ, ಹೊಟ್ಟೇಲಿ ಕರಗುತ್ತೆ ಬಿಡು," ಅಂದ ಮಾರಪ್ಪ.

"ನಿನ್ನ ಹೊಟ್ಟೇಲಿ ಕಬ್ಬಿಣಾನೂ ಕರಗುತ್ತೆ. ನನ್ನದು ಅರವತ್ತಾದ ಹೊಟ್ಟೆ."

ಚಿನ್ನಮ್ಮ ತಲೆ ತಗ್ಗಿಸಿ ಸಾರು ಬಡಿಸಿದಳು. ಸೌಟು ಎರಡು ಸಲ ಕೈಯಿಂದ ಜಾರಿತು.

ವಿಚಿತ್ರವೆಂದರೆ ಬೆಳಗ್ಗೆ ಮರದ ಕೊರಡಿನಂತೆ ಇರುತ್ತಿದ್ದ ಬೆರಳು ಹತ್ತು ಗಂಟೆ ಹೊತ್ತಿಗೆ ಸ್ವಲ್ಪ ಸಡಿಲವಾಗುತ್ತಿತ್ತು. ಯಲ್ಲಮ್ಮನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಎದುರು ಮನೆಯ ಶೇಷಮ್ಮನ ಹತ್ತಿರ, ಒಳಗಿದ್ದವರಿಗೂ ಕೇಳುವ ಹಾಗೆ ಹೇಳಿದಳು: "ಬೆಳಗ್ಗೆ ಬಾಗಿಲ ಅಗುಳಿ ತೆಗೆಯೋಕಾಗಲ್ಲ, ಹತ್ತು ಗಂಟೆಗೆ ಸರಿಹೋಗ್ತಾಳೆ. ಇದೆಂಥ ರೋಗ ಮಾರಾಯ್ತಿ, ಕೆಲಸ ಮುಗಿದ ಮೇಲೆ ವಾಸಿ ಆಗೋದು?"

ಶೇಷಮ್ಮ ನಕ್ಕಳು. ಚಿನ್ನಮ್ಮ ನಗಲಿಲ್ಲ, ಅಳಲೂ ಇಲ್ಲ.

ಶ್ರಾವಣ ಬರುವ ಹೊತ್ತಿಗೆ ಬಲಗಾಲಿನ ಮೊಣಕಾಲೂ ಬಾತಿತು. ಕೂತರೆ ಏಳಲು ಕಂಬ ಹಿಡಿಯಬೇಕು. ಯಲ್ಲಮ್ಮ ಮಾರ್ಕೆಟ್ಟಿಗೆ ತಡವಾಗಿ ಹೋಗುವಂತಾಯಿತು. ತಡವಾದರೆ ಅವಳು ಕೂರುವ ಜಾಗದಲ್ಲಿ ಇನ್ನೊಬ್ಬಳು ಕೂತಿರುತ್ತಿದ್ದಳು, ಸೊಪ್ಪು ಬಾಡಿ ಹಾಗೇ ಮನೆಗೆ ಬರುತ್ತಿತ್ತು. ಮೂರು ದಿನ ಬಾಡಿದ ಹರಿವೆ ಸೊಪ್ಪಿನ ಸಾರನ್ನೇ ಉಂಡ ಮೇಲೆ ಯಲ್ಲಮ್ಮ ಬಾಯಿ ಬಿಟ್ಟಳು.

"ತವರಿಗೆ ಕಳಿಸಾನ. ಗುಣವಾದ ಮೇಲೆ ಬರಲಿ. ನಾನೇನು ಬ್ಯಾಡ ಅಂತೀನಾ?"

ಮಾರಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಗುಣವಾದ ಮೇಲೆ ಬರಲಿ ಅಂತ ಕಳಿಸಿದ ಹೆಣ್ಣುಮಕ್ಕಳು ಆ ಬೀದಿಯಲ್ಲಿ ಇಬ್ಬರಿದ್ದರು. ಇಬ್ಬರೂ ಬಂದಿರಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಚಿನ್ನಮ್ಮನಿಗೂ ಅದು ಗೊತ್ತಿತ್ತು.

"ಯಾರೂ ಎಲ್ಲಿಗೂ ಹೋಗೋದು ಬ್ಯಾಡ," ಅಂದ ಭೂತಪ್ಪ. "ಎಂತೆಂಥಾ ಮುರಿದ ಮೈಗಳನ್ನ ಎಬ್ಬಿಸಿ ನಿಲ್ಲಿಸಿದೀನಿ. ದೀಪಾವಳಿಯೊಳಗೆ ಇವಳು ಓಡಾಡ್ಕೊಂಡು ಕಜ್ಜಾಯ ಸುಡ್ಬೇಕು. ಅಲ್ಲೀವರೆಗೂ ಬಾಯಿ ಮುಚ್ಕೊಂಡಿರು."

"ಎಬ್ಬಿಸೋದು ಹೆಂಗೆ? ನೀನು ಅವಳ ಕಾಲು ಹಿಡಿದು ತಿಕ್ತೀಯಾ?"

ಮಾವ ಸೊಸೆಯ ಮೈ ಮುಟ್ಟುವುದಿರಲಿ, ಮುಖ ಕೊಟ್ಟು ಮಾತಾಡುವುದೂ ಆ ಮನೆಯಲ್ಲಿ ಇರಲಿಲ್ಲ. ಅವನು ಒಳಗೆ ಬರುವಾಗ ಕೆಮ್ಮುತ್ತಿದ್ದ, ಅವಳು ಬಾಗಿಲ ಮರೆಗೆ ಸರಿಯುತ್ತಿದ್ದಳು. ಸಾವಿರ ಕೀಲು ಮುಟ್ಟಿ ನೋಡಿದ ಕೈಗೆ ಅವಳ ಒಂದು ಬೆರಳು ಮುಟ್ಟಿ ನೋಡುವ ಹಾಗಿರಲಿಲ್ಲ. ಎಣ್ಣೆ ಕಾಯಿಸಿ ಯಲ್ಲಮ್ಮನ ಕೈಗೆ ಕೊಟ್ಟ. ಹೀಗೆ ತಿಕ್ಕು, ಹಾಗೆ ತಿಕ್ಕು ಅಂತ ಗೋಡೆಯ ಈಚೆಯಿಂದ ಹೇಳಿದ. ಯಲ್ಲಮ್ಮ ತಿಕ್ಕಿದಳು, ಬಾವು ಇನ್ನೂ ಕೆಂಪಾಯಿತು.

ಕೊನೆಗೆ ಮಾರಪ್ಪ ತನ್ನ ವಾರದ ರಜೆಯ ದಿನ ಹೆಂಡತಿಯನ್ನು ಭದ್ರಾವತಿಗೆ ಕರೆದುಕೊಂಡು ಹೋದ. ಅಲ್ಲಿ ಹಳೇ ಪೇಟೆಯಲ್ಲಿ ವೆಂಕಟಾಚಲ ಅಂತ ಒಬ್ಬ ಡಾಕ್ಟರು. ಕಾರ್ಖಾನೆಯವರು ತುಂಬಾ ಜನ ಅವರ ಹತ್ತಿರ ಹೋಗುತ್ತಿದ್ದರು. ಭೂತಪ್ಪನೂ ಜೊತೆಗೆ ಹೊರಟ. ಡಾಕ್ಟರು ಒಳಗೆ ನೋಡಿ, ಹೊರಗೆ ಬೆಂಚಿನ ಮೇಲಿದ್ದ ಅವನನ್ನೂ ಮಾರಪ್ಪನನ್ನೂ ಕರೆದು ಕೂರಿಸಿಕೊಂಡು ಹೇಳಿದರು.

"ಇದು ಉಳುಕಲ್ಲ, ಬರೀ ವಾಯುವೂ ಅಲ್ಲ. ಕೀಲುಕೀಲಿನಲ್ಲಿ ಉರಿ ಹತ್ತಿದೆ. ಯಾಕೆ ಅಂತ ಕೇಳಿದರೆ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಮೈಯೇ ತನ್ನ ಕೀಲನ್ನ ಬೇರೆಯವರದು ಅಂತ ತಿಳಿದು ಜಗಳಕ್ಕೆ ಹೋಗುತ್ತೆ ಅಂತ ಈಗೀಗ ಬರೀತಿದಾರೆ."

"ವಾಸಿ ಆಗುತ್ತಾ ಸ್ವಾಮಿ?" ಅಂದ ಮಾರಪ್ಪ.

"ಏರುತ್ತೆ, ಇಳಿಯುತ್ತೆ. ಬೇರುಸಹಿತ ಹೋಗುತ್ತೆ ಅಂತ ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತೆ. ಆಸ್ಪಿರಿನ್ ಕೊಡ್ತೀನಿ, ಊಟ ಆದ ಮೇಲೇ ನುಂಗಬೇಕು. ಇನ್ನೊಂದು ಹೊಸ ಮದ್ದಿದೆ, ಅದಕ್ಕೆ ಮುಖ ಊದುತ್ತೆ, ಈಗಲೇ ಬೇಡ. ಮುಖ್ಯವಾದದ್ದು ವ್ಯಾಯಾಮ."

ಭೂತಪ್ಪ ನೆಟ್ಟಗೆ ಕೂತ. ಇಷ್ಟು ಹೊತ್ತು ಗೊತ್ತಿಲ್ಲದ ಊರಿನಲ್ಲಿ ದಾರಿ ತಪ್ಪಿದವನಂತಿದ್ದ ಅವನಿಗೆ ತನ್ನ ಬೀದಿಯ ಹೆಸರು ಕೇಳಿಸಿದ ಹಾಗಾಯಿತು.

"ಮಲಗೇ ಇದ್ದರೆ ಕೀಲು ಬಿಗಿದುಹೋಗುತ್ತೆ," ಅಂದರು ಡಾಕ್ಟರು. "ಬಿಸಿನೀರಲ್ಲಿ ಕೈ ಇಟ್ಟು ಮುಷ್ಟಿ ಕಟ್ಟೋದು, ಬಿಚ್ಚೋದು. ಬೆಂಚಿನ ಮೇಲೆ ಕೂತು ಕಾಲು ನಿಧಾನವಾಗಿ ನೀಡಿ ಇಳಿಸೋದು. ಐದೈದು ಸಲ. ಮಾಡಿ ಎರಡು ಗಂಟೆ ಆದ ಮೇಲೂ ನೋವು ಜಾಸ್ತಿ ಇದ್ದರೆ ಮಾರನೇ ದಿನ ಅರ್ಧಕ್ಕೆ ಇಳಿಸಿ. ಕೀಲು ಕೆಂಪಾಗಿ ಬಿಸಿ ಇದ್ದ ದಿನ ಬೇಡವೇ ಬೇಡ. ತಿಳೀತಾ?"

"ತಿಳೀತು ಸ್ವಾಮಿ," ಅಂದ ಭೂತಪ್ಪ. "ಸಾಮು ಮಾಡಿಸೋದು ನನಗೆ ಬಿಡಿ."

ಡಾಕ್ಟರು ಒಂದು ಚೀಟಿಯಲ್ಲಿ ಅದನ್ನೆಲ್ಲ ಕನ್ನಡದಲ್ಲೇ ಬರೆದುಕೊಟ್ಟರು. ಭೂತಪ್ಪನಿಗೆ ಓದು ಬರುತ್ತಿರಲಿಲ್ಲ. ಮಾರಪ್ಪ ರೈಲಿನಲ್ಲಿ ಓದಿ ಹೇಳಿದ. ಭೂತಪ್ಪ ಕಿಟಕಿಯ ಆಚೆ ನೋಡುತ್ತ ಹೂಂಗುಟ್ಟಿದ.

ಮಾರನೆಯ ದಿನದಿಂದ ಶುರುವಾಯಿತು. ಯಲ್ಲಮ್ಮ ಬುಟ್ಟಿ ಹೊತ್ತು ಹೋದ ಮೇಲೆ ಚಿನ್ನಮ್ಮ ನಡುಮನೆಯ ಬೆಂಚಿನ ಮೇಲೆ ಕೂರುವುದು. ಭೂತಪ್ಪ ಜಗಲಿಯ ಮೇಲೆ, ಬಾಗಿಲಿಗೆ ಬೆನ್ನು ಹಾಕಿ, ಬೀದಿಗೆ ಮುಖ ಮಾಡಿ ಕೂರುವುದು. ಅವನು ಎಣಿಸಬೇಕು, ಅವಳು ಕಾಲು ನೀಡಿ ಇಳಿಸಿ "ಹೂಂ" ಅನ್ನಬೇಕು. ಆ ಹೂಂ ಬಂದ ಮೇಲೆ ಮುಂದಿನ ಎಣಿಕೆ. ಮರ್ಯಾದೆ ಕೆಡದ ಹಾಗೆ ಇದಕ್ಕಿಂತ ಬೇರೆ ದಾರಿ ಅವರಿಬ್ಬರಿಗೂ ತೋಚಿರಲಿಲ್ಲ.

"ಒಂದು."

"ಹೂಂ."

"ಎರಡು."

ಬೀದಿ ಗುಡಿಸುತ್ತಿದ್ದ ಶೇಷಮ್ಮ ಪೊರಕೆ ನಿಲ್ಲಿಸಿದಳು. "ಏನ್ ಉಸ್ತಾದ್ರೇ, ದಾರೀಲಿ ಹೋಗೋರನ್ನ ಎಣಿಸ್ತಾ ಕೂತಿದೀರಾ?"

"ಹೂಂ ಕಣಮ್ಮ. ನೀನು ಮೂರನೆಯವಳು."

ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿತು. ಎರಡು ತಿಂಗಳ ಮೇಲೆ ಆ ಮನೆಯಲ್ಲಿ ಚಿನ್ನಮ್ಮ ನಕ್ಕದ್ದು ಅವತ್ತೇ.

ಮೊದಲ ದಿನ ಐದು. ಎರಡನೇ ದಿನ ಆರು. ಮೂರನೇ ದಿನ ಏಳು. ಗರಡಿಯ ಕಟ್ಟಳೆ ಅದು. ಆಂಜನೇಯನ ಮುಂದೆ ಒಂದು ಲೆಕ್ಕ ಹೇಳಿ ಶುರುಮಾಡಿದರೆ ದಿನಕ್ಕೊಂದು ಏರಬೇಕು, ಇಳಿಯುವ ಹಾಗಿಲ್ಲ. ಜ್ವರ ಬಂದರೂ ಅಷ್ಟೇ, ಮದುವೆಯಾದರೂ ಅಷ್ಟೇ. ಹೊಸಬರು ಎರಡನೇ ದಿನ ತೊಡೆ ಹಿಡಿದುಕೊಂಡು ಅಳುತ್ತ ಬಂದರೆ ಭೂತಪ್ಪ ಹೇಳುತ್ತಿದ್ದ ಮಾತು ಒಂದೇ: ನೋವು ಎಲ್ಲಿ ಬಂತೋ ಅಲ್ಲೇ ಹೋಗಬೇಕು, ಇನ್ನೊಂದು ಹೊಡಿ. ಹೊಡೆಯುತ್ತಿದ್ದರು. ನೋವು ಹೋಗುತ್ತಿತ್ತು. ಮೂವತ್ತು ವರ್ಷದಲ್ಲಿ ಅದು ಒಂದು ಸಲವೂ ಸುಳ್ಳಾಗಿರಲಿಲ್ಲ.

ಒಂದು ವಾರದ ಮೇಲೆ ಮಾರಪ್ಪ ಕೇಳಿದ. "ಎಷ್ಟಕ್ಕೆ ಬಂತು ಅಪ್ಪಯ್ಯ?"

"ಹನ್ನೆರಡು."

"ಹನ್ನೆರಡಾ? ಡಾಕ್ಟ್ರು ಐದು ಅಂದಿದ್ರಲ್ಲ?"

"ಶುರು ಮಾಡೋದು ಐದು. ಅಲ್ಲೇ ಕೂತಿರೋಕಾಗುತ್ತಾ?"

"ನೋವು ಜಾಸ್ತಿ ಆದ್ರೆ ಇಳಿಸಿ ಅಂತ ಚೀಟೀಲಿ ಐತೆ."

"ಇಳಿಸಿದೋನು ನಾಳೆ ಬರೋದೇ ಇಲ್ಲ ಕಣೋ. ಅದು ಆಫೀಸಿನೋರಿಗೆ ಹೇಳೋ ಮಾತು. ಬೇಕಾದ್ರೆ ಅವಳನ್ನೇ ಕೇಳು, ನೋವಾಗುತ್ತಾ ಅಂತ."

ಮಾರಪ್ಪ ಕೇಳಿದ. ಚಿನ್ನಮ್ಮ "ಪರವಾಗಿಲ್ಲ" ಅಂದಳು. ಅವನಿಗೆ ಸೆಕೆಂಡ್ ಶಿಫ್ಟು ಬಿದ್ದಿತ್ತು, ರೈಲಿಗೆ ಹೊತ್ತಾಗಿತ್ತು. ಅಷ್ಟಕ್ಕೇ ಬಿಟ್ಟ.

ಅಲ್ಲದೆ ನಿಜವಾಗಿಯೂ ಗುಣ ಕಾಣಿಸುತ್ತಿತ್ತು. ಗೌರಿ ಹಬ್ಬದ ಹೊತ್ತಿಗೆ ಬೆರಳಿನ ಬಾವು ಇಳಿದು, ಬಳೆಗಾರ ಬಂದಾಗ ಹಸಿರು ಬಳೆ ಗಂಟು ದಾಟಿ ಸಲೀಸಾಗಿ ಕೈಗೆ ಏರಿದವು. ಹಬ್ಬದ ಮಾರನೆಯ ದಿನ ಚಿನ್ನಮ್ಮ ತಾನೇ ಮುದ್ದೆ ತೊಳಸಿದಳು. ಯಲ್ಲಮ್ಮ ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟು, ಎಲ್ಲರೂ ತನ್ನ ಮುಖ ನೋಡುತ್ತಿರುವುದನ್ನು ಕಂಡಳು.

"ಎಂಥ ನೋಡ್ತೀರಿ? ಗಂಟಿಲ್ಲ."

"ಗಂಟಿಲ್ಲ ಅಂತೆ!" ಮಾರಪ್ಪ ತೊಡೆ ತಟ್ಟಿದ. "ಅವ್ವ ಒಪ್ಪಿದ್ಲು ಅಂದ್ರೆ ಡಾಕ್ಟ್ರು ಒಪ್ಪಿದಂಗೆ."

"ಡಾಕ್ಟ್ರದೇನೈತೆ ಇದರಲ್ಲಿ?" ಅಂದ ಭೂತಪ್ಪ. ಅವತ್ತು ಅವನು ಎರಡು ಮುದ್ದೆ ಉಂಡ.

ಉಂಡು ಕೈ ತೊಳೆಯುತ್ತ, ಇನ್ನು ಬೆಂಚಿನ ಮೇಲೆ ಕೂತು ಕಾಲು ಆಡಿಸಿದರೆ ಸಾಲದು, ಮೊಣಕಾಲಿಗೆ ಬಲ ಬರಬೇಕಾದರೆ ಬಸ್ಕಿ ಹೊಡೆಯಬೇಕು ಅಂತ ತೀರ್ಮಾನ ಮಾಡಿದ. ಪೂರ್ತಿ ಅಲ್ಲ, ಕಂಬ ಹಿಡಿದುಕೊಂಡು ಅರ್ಧ ಕೂತು ಏಳುವುದು. ಲೆಕ್ಕ ಮಾತ್ರ ಅದೇ. ಅವತ್ತಿಗೆ ಇಪ್ಪತ್ತೊಂದು.

ಹತ್ತು ದಿನ ಹೀಗೇ ನಡೆಯಿತು. ಭೂತಪ್ಪ ಜಗಲಿಯಿಂದ ಎಣಿಸಿದ, ಒಳಗಿನಿಂದ ಹೂಂ ಬಂತು. ಆ ಹೂಂ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದ್ದದ್ದು ಅವನ ಕಿವಿಗೂ ಬಿದ್ದಿರಬೇಕು. ಗರಡಿಯಲ್ಲೂ ಎಣಿಕೆ ಮೇಲೇರಿದಂತೆ ದನಿ ಸಣ್ಣದಾಗುತ್ತದೆ. ಅವನಿಗೆ ಅದು ಹೊಸದೇನಲ್ಲ.

ಒಂದು ಸಂಜೆ ಯಲ್ಲಮ್ಮ ಸೊಪ್ಪು ಬಿಡಿಸುತ್ತ ಹೇಳಿದಳು. "ಆ ಮೊಣಕಾಲು ನೋಡಿದೀಯಾ? ಕುಂಬಳಕಾಯಿ ಆಗೈತೆ."

"ನಾನು ಹೆಂಗೆ ನೋಡ್ಲಿ?"

"ಅದಕ್ಕೇ ಹೇಳ್ತಿದೀನಿ. ನಾನು ನೋಡಿದೀನಿ. ಮುಟ್ಟಿದ್ರೆ ಒಲೆ ಕಲ್ಲು ಮುಟ್ಟಿದಂಗಾಗುತ್ತೆ. ಎರಡು ದಿನ ನಿಲ್ಲಿಸು ಮಾರಾಯ."

"ಇಳಿಯೋ ಮುಂಚೆ ಏರುತ್ತೆ. ನಿನಗೇನು ಗೊತ್ತು ಸಾಮಿನ ವಿಷಯ?"

"ಸಾಮಿನ ವಿಷಯ ಗೊತ್ತಿಲ್ಲ. ಬಾವು ಗೊತ್ತು."

"ಮೊದಲು ತವರಿಗೆ ಕಳಿಸು ಅಂದೆ. ಈಗ ಅವಳು ಏಳ್ತಾಳೆ ಅಂತ ಗೊತ್ತಾಗ್ತಿದ್ದಂಗೆ ನಿಲ್ಲಿಸು ಅಂತೀಯ. ನಿನಗೆ ಬೇಕಾಗಿರೋದೇನು ಹೇಳಿಬಿಡು."

ಯಲ್ಲಮ್ಮ ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ಎಸೆದಳು. "ನನಗೇನು ಬೇಕು ಅಂತ ಕೇಳ್ತೀಯಾ? ಬೆಳಗ್ಗೆ ಎದ್ದು ಒಂದು ಲೋಟ ನೀರು ಕೊಡೋಳು ಬೇಕು. ಕುಂಟಿಯಾದ್ರೆ ಕೊಡೋಕಾಗಲ್ಲ. ತಿಳ್ಕೋ."

ಒಳಗೆ ದೀಪ ಹಚ್ಚುತ್ತಿದ್ದ ಚಿನ್ನಮ್ಮನಿಗೆ ಇದೆಲ್ಲ ಕೇಳಿಸಿತು. ಭೂತಪ್ಪ ಗೋಡೆಯ ಈಚೆಯಿಂದಲೇ ದನಿ ಎತ್ತಿ ಕೇಳಿದ: "ಏನವ್ವ, ನಿಲ್ಲಿಸಾನಾ?"

ಒಳಗೆ ದೀಪದ ಬತ್ತಿ ಏರಿತು. ಆಮೇಲೆ ದನಿ ಬಂತು. "ನೀವು ಹೇಳಿದಂಗೆ ಮಾವ."

ಭೂತಪ್ಪ ಯಲ್ಲಮ್ಮನ ಮುಖ ನೋಡಿದ, ಗೆದ್ದವನ ಹಾಗೆ.

ಅದಾಗಿ ನಾಲ್ಕನೆಯ ಬೆಳಗ್ಗೆ. ಅವತ್ತಿನ ಲೆಕ್ಕ ಮೂವತ್ತನಾಲ್ಕು. ಯಲ್ಲಮ್ಮ ಮಾರ್ಕೆಟ್ಟಿಗೆ ಹೋಗಿದ್ದಳು, ಮಾರಪ್ಪ ರೈಲು ಹತ್ತಿದ್ದ. ಭೂತಪ್ಪ ಎಂದಿನಂತೆ ಬೆನ್ನು ಹಾಕಿ ಕೂತು ಎಣಿಸುತ್ತಿದ್ದ.

"ಹದಿನೆಂಟು."

"ಹೂಂ."

"ಹತ್ತೊಂಬತ್ತು."

ಹೂಂ ಬರಲಿಲ್ಲ.

"ಹತ್ತೊಂಬತ್ತು," ಅಂದ ಇನ್ನೊಂದು ಸಲ, ಸ್ವಲ್ಪ ಜೋರಾಗಿ. ಒಳಗೆ ಏನೋ ನೆಲಕ್ಕೆ ಜಾರಿದ ಸದ್ದಾಯಿತು. ಬೀದಿಯಲ್ಲಿ ಹಾಲಿನವನು ಸೈಕಲ್ಲಿನಲ್ಲಿ ಹೋದ. ಎದುರು ಮನೆಯ ಬಾಗಿಲಿಗೆ ಬೀಗ. ಶೇಷಮ್ಮ ಹೊಳೆಗೆ ಹೋಗಿದ್ದಳು.

"ಅವ್ವಾ? ಚಿನ್ನಮ್ಮ?"

ಭೂತಪ್ಪ ಹಾಗೇ ಕೂತಿದ್ದ. ತಿರುಗಿ ನೋಡಬೇಕು ಅಂತ ಅನ್ನಿಸಿದರೂ ಕುತ್ತಿಗೆ ತಿರುಗಲಿಲ್ಲ. ಒಳಗಿನಿಂದ ಹಲ್ಲು ಕಚ್ಚಿ ಉಸಿರು ಎಳೆದುಕೊಳ್ಳುವ ಸದ್ದು ಬಂತು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಅಂಥ ಸದ್ದು ಕೇಳಿದರೆ ಕುಸ್ತಿ ನಿಲ್ಲಿಸಿ ಮಟ್ಟಿಗೆ ಇಳಿಯುತ್ತಿದ್ದ.

ಅವನು ಎದ್ದು, ಕೆಮ್ಮದೆ, ಒಳಗೆ ಹೋದ.

ಚಿನ್ನಮ್ಮ ಕಂಬದ ಬುಡದಲ್ಲಿ ಬಲಗಾಲು ಮಡಚಲೂ ಆಗದೆ ನೀಡಲೂ ಆಗದೆ ವಾರೆಯಾಗಿ ಬಿದ್ದಿದ್ದಳು. ಮಾವನನ್ನು ಕಂಡು ಸೆರಗು ಎಳೆದುಕೊಳ್ಳಲು ಕೈ ಎತ್ತಿದಳು. ಬೆರಳು ಸೆರಗನ್ನು ಹಿಡಿಯಲಿಲ್ಲ. ಮತ್ತೆ ಪ್ರಯತ್ನ ಮಾಡಿದಳು, ಮತ್ತೆ ಜಾರಿತು.

"ಇರ್ಲಿ ಬಿಡವ್ವ," ಅಂದ ಭೂತಪ್ಪ. "ಇರ್ಲಿ ಬಿಡು."

ಬಗ್ಗಿ ಎರಡು ಕೈಯಲ್ಲಿ ಅವಳನ್ನು ಎತ್ತಿದ. ತೂಕವೇ ಇರಲಿಲ್ಲ. ಬೆಂಚಿನ ಮೇಲೆ ಮಲಗಿಸುವಾಗ ಅವನ ಮುಂಗೈಗೆ ಆ ಮೊಣಕಾಲು ತಾಗಿತು. ಸೀರೆಯ ಮೇಲಿಂದಲೇ ಬಿಸಿ ಹತ್ತಿತು. ಒಂದು ಸಲ ಮುಟ್ಟಿದ್ದರೆ ಸಾಕಿತ್ತು, ಕುರುಡನಿಗೂ ತಿಳಿಯುತ್ತಿತ್ತು. ಹದಿಮೂರು ದಿನ ಅವನು ಇದನ್ನೇ ಎಣಿಸಿದ್ದ.

"ಯಾವತ್ತಿಂದ ಹಿಂಗೈತೆ?"

ಚಿನ್ನಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು.

ಜಟಕಾದಲ್ಲಿ ಸ್ಟೇಷನ್ನಿಗೆ ಒಯ್ದು, ರೈಲಿನಲ್ಲಿ ಮಲಗಿಸಿಕೊಂಡು ಮತ್ತೆ ಭದ್ರಾವತಿಗೆ ಹೋದರು. ಈ ಸಲ ಮಾರ್ಕೆಟ್ಟಿನಿಂದ ಬಂದ ಯಲ್ಲಮ್ಮನೂ ಜೊತೆಗೆ ಹೊರಟಳು. ಡಾಕ್ಟರು ಮೊಣಕಾಲಿನಿಂದ ಸೂಜಿ ಹಾಕಿ ನೀರು ತೆಗೆದರು, ಕಾಲಿಗೆ ಪಟ್ಟಿ ಕಟ್ಟಿದರು. ಎಡಗೈ ನೋಡಿ, "ಈ ಬಳೆ ತೆಗೀಬೇಕು, ಬಾವು ಬಿಗಿದಿದೆ," ಅಂದರು. ಬಳೆ ಜಾರಲಿಲ್ಲ.

"ಮುತ್ತೈದೆ ಕೈ, ಸ್ವಾಮಿ," ಅಂದಳು ಯಲ್ಲಮ್ಮ.

"ಕೈ ಇದ್ದರೆ ಬಳೆ ನಾಳೆ ತೊಡಿಸಬಹುದು ತಾಯಿ."

ಯಲ್ಲಮ್ಮ ಒಂದು ಬಟ್ಟೆ ಸುತ್ತಿ, "ಹೆಚ್ಚಿಸ್ತೀನಿ ಕಣೇ, ಕಣ್ಣು ಮುಚ್ಕೋ," ಅಂತ ತಾನೇ ಒಂದೊಂದಾಗಿ ಚಿಟ್ ಚಿಟ್ ಎನಿಸಿದಳು. ಒಡೆಯುವುದು ಅನ್ನುವ ಮಾತು ಅವಳ ಬಾಯಲ್ಲಿ ಬರಲಿಲ್ಲ.

ಹೊರಗೆ ಡಾಕ್ಟರು ಭೂತಪ್ಪನನ್ನು ಕೇಳಿದರು. "ಎಷ್ಟು ಮಾಡಿಸ್ತಿದ್ರಿ?"

"ಮೂವತ್ತನಾಲ್ಕಕ್ಕೆ ಬಂದಿತ್ತು. ಬಸ್ಕಿ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಭೂತಪ್ಪನಿಗೆ ಅನ್ನಿಸಿತು. ಕನ್ನಡಕ ತೆಗೆದು ಒರೆಸಿಕೊಂಡರು.

"ನನ್ನಿಂದ ಆಯ್ತಾ ಸ್ವಾಮಿ?"

"ಇರಬಹುದು," ಅಂದರು ಡಾಕ್ಟರು. "ಇಲ್ಲದೆಯೂ ಇರಬಹುದು. ಬಲಗಾಲಿಗೆ ಬಸ್ಕಿ ಹೊಡೆಸಿದಿರಿ, ಅದು ಬಾತಿದೆ. ಎಡ ಮಣಿಕಟ್ಟಿಗೆ ನೀವು ಹಾಗೇನೂ ಮಾಡಿಸಿಲ್ಲ, ಅದೂ ಬಾತಿದೆ. ಕಾಯಿಲೆ ತಾನಾಗಿಯೇ ಏರೋ ಕಾಲವೂ ಇದೇ ಇರಬಹುದು. ಅದರ ಮೇಲೆ ನಿಮ್ಮ ಎಣಿಕೆ ಎಷ್ಟು ಸೇರ್ತು ಅಂತ ನಾನು ಹೇಳಲಾರೆ."

"ಮತ್ತೆ ಮೊದಲು ಗುಣ ಆಗಿದ್ದು? ಅದಾದ್ರೂ ನನ್ನಿಂದಾನಾ?"

"ಅದನ್ನೂ ಹೇಳಲಾರೆ."

ಮೂರು ವಾರ ಚಿನ್ನಮ್ಮ ಮಲಗಿದಳು. ಬಾವು ಸ್ವಲ್ಪ ಇಳಿಯಿತು. ಮೊಣಕಾಲು ಮಾತ್ರ ಮಡಚಿದ ಕೋನದಲ್ಲೇ ಗಟ್ಟಿಯಾಗತೊಡಗಿತು. ಡಾಕ್ಟರು ಇನ್ನು ನಿಧಾನವಾಗಿ ಆಡಿಸಬೇಕು ಅಂತ ಹೇಳಿ ಕಳಿಸಿದ್ದರು. ಆಡಿಸುವವರು ಯಾರು? ಯಲ್ಲಮ್ಮ ಬೆಳಗ್ಗೆ ಮುದ್ದೆ ಮಾಡಿ, ಸೊಸೆಗೆ ಉಣ್ಣಿಸಿ, ಬಚ್ಚಲಿಗೆ ಎತ್ತಿಕೊಂಡು ಹೋಗಿ ಬರುವಷ್ಟರಲ್ಲಿ ಮಾರ್ಕೆಟ್ಟು ಮುಗಿದಿರುತ್ತಿತ್ತು. ಬುಟ್ಟಿ ಮೂಲೆ ಸೇರಿತು. ಮಾರಪ್ಪ ಚೀಟಿ ತೆಗೆದು ಓದುತ್ತಿದ್ದ, ಮಡಚಿಡುತ್ತಿದ್ದ. ಕಾಲಿಗೆ ಕೈ ಹಾಕಲು ಅವನಿಗೆ ಧೈರ್ಯ ಬರಲಿಲ್ಲ. ಭೂತಪ್ಪ ಜಗಲಿಯ ಮೇಲೆ ಕೂರುವುದನ್ನೇ ಬಿಟ್ಟ. ಕೈ ಉಳುಕಿದೆ ಅಂತ ಯಾರೋ ಬಂದರೆ, "ಆಸ್ಪತ್ರೆಗೆ ಹೋಗು," ಅಂದು ಕಳಿಸಿದ.

"ನಿನ್ನನ್ನ ಯಾರೂ ಏನೂ ಅಂದಿಲ್ಲ," ಅಂದಳು ಯಲ್ಲಮ್ಮ ಒಂದು ದಿನ, ಊಟ ಮುಟ್ಟದೆ ಎದ್ದವನಿಗೆ.

"ಅನ್ನಿ. ಅಂದುಬಿಡಿ."

"ಅಂದ್ರೆ ಅವಳ ಕಾಲು ನೆಟ್ಟಗಾಗುತ್ತಾ? ಉಣ್ಣು ಮಾರಾಯ, ತಣ್ಣಗಾಗುತ್ತೆ."

ದಸರಾ ಕಳೆದು, ದೀಪಾವಳಿಗೆ ಎಂಟು ದಿನ ಇರುವಾಗ ಚಿನ್ನಮ್ಮನ ಅಪ್ಪ ಲಿಂಗಪ್ಪ ಮಲವಗೊಪ್ಪದಿಂದ ಗಾಡಿ ಕಟ್ಟಿಕೊಂಡು ಬಂದ. ಗಾಡಿಗೆ ಹುಲ್ಲು ಹಾಸಿ ಮೇಲೆ ಕಂಬಳಿ ಹರಡಿದ್ದ. ಹೇಳಿ ಕಳಿಸಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಯಲ್ಲಮ್ಮ ಕಾಫಿ ಕೊಟ್ಟು ಕಣ್ಣೊರೆಸಿಕೊಂಡಳು.

"ಕಳಿಸ್ತಿಲ್ಲ ಕಣಣ್ಣ. ನನ್ನ ಕೈಲಿ ಆಗ್ತಿಲ್ಲ. ಅಲ್ಲಿ ಅವಳವ್ವ ಇದಾಳೆ, ಚಿಕ್ಕವ್ವ ಇದಾಳೆ."

"ಗೊತ್ತಮ್ಮ. ನಮ್ಮ ಹುಡುಗಿ ತಾನೇ."

ಮಾರಪ್ಪ ಹೆಂಡತಿಯನ್ನು ಎತ್ತಿಕೊಂಡು ಬಂದು ಗಾಡಿಯಲ್ಲಿ ಕೂರಿಸಿದ. ವಾರಕ್ಕೊಂದು ಸಲ ಸೈಕಲ್ಲಿನಲ್ಲಿ ಬರ್ತೀನಿ ಅಂದ. ಗುಣವಾದ ಮೇಲೆ ಬಾ ಅಂತ ಯಾರೂ ಹೇಳಲಿಲ್ಲ. ಆ ಮಾತು ಬಾಯಿಗೆ ಬಾರದ ಹಾಗೆ ಎಲ್ಲರೂ ಎಚ್ಚರವಾಗಿದ್ದರು.

ಲಿಂಗಪ್ಪ ಎತ್ತಿನ ಹಗ್ಗ ಹಿಡಿದವನು ನಿಂತ. ಚೀಟಿಯನ್ನು ಮಾರಪ್ಪ ಅವನ ಜೇಬಿಗೆ ಹಾಕಿದ್ದ. ಆದರೂ ಅವನು ಭೂತಪ್ಪನ ಕಡೆಗೇ ತಿರುಗಿದ.

"ಉಸ್ತಾದ್ರೇ, ಚೀಟಿ ಚೀಟಿ ಹಂಗಿರ್ಲಿ. ನೀವು ತಿಳಿದೋರು. ಅಲ್ಲಿ ನಾವು ಏನು ಮಾಡಿಸ್ಬೇಕು? ಮಲಗಿಸಿದ್ರೆ ಬಿಗಿಯುತ್ತೆ ಅಂತಾರೆ, ಆಡಿಸಿದ್ರೆ ಬಾಯುತ್ತೆ ಅಂತಾರೆ. ದಿನಕ್ಕೆ ಎಷ್ಟು?"

ಎಲ್ಲರೂ ಭೂತಪ್ಪನ ಮುಖ ನೋಡಿದರು. ಶೇಷಮ್ಮನೂ ತನ್ನ ಬಾಗಿಲಲ್ಲಿ ನಿಂತಿದ್ದಳು. ಮೂವತ್ತು ವರ್ಷ ಆ ಪ್ರಶ್ನೆಗೆ ಅವನ ನಾಲಿಗೆಯ ತುದಿಯಲ್ಲಿ ಉತ್ತರ ಇರುತ್ತಿತ್ತು.

"ಬೆಳಗ್ಗೆ ಎದ್ದು ಅವಳನ್ನೇ ಕೇಳಿ," ಅಂದ. "ಅವಳು ಎಷ್ಟು ಅಂತಾಳೋ ಅಷ್ಟು."

"ಒಂದಕ್ಕೇ ಸಾಕು ಅಂದ್ರೆ?"

"ಸಾಕು."

ಚಿನ್ನಮ್ಮ ಕಂಬಳಿಯ ಅಂಚು ಹಿಡಿದು ಕೂತಿದ್ದವಳು ತಲೆ ಎತ್ತಿದಳು. ಮಾವನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ನನಗೂ ಗೊತ್ತಾಗಲ್ಲ ಮಾವ," ಅಂದಳು. "ಒಂದಿನ ಹತ್ತು ಮಾಡಿದ್ರೂ ಏನೂ ಆಗಲ್ಲ. ಒಂದಿನ ಎರಡಕ್ಕೇ ಉರಿ ಏಳುತ್ತೆ. ಮಾಡೋವಾಗ ತಿಳಿಯಲ್ಲ. ಆಮೇಲೇ ತಿಳಿಯೋದು."

ಎತ್ತು ಹೆಜ್ಜೆ ಹಾಕಿತು. ಗಾಡಿ ಬೀದಿಯ ಕೊನೆ ತಿರುಗುವವರೆಗೂ ಭೂತಪ್ಪ ನಿಂತಿದ್ದ.

ಆ ವರ್ಷ ದೀಪಾವಳಿಗೆ ಕಜ್ಜಾಯವನ್ನು ಯಲ್ಲಮ್ಮನೇ ಸುಟ್ಟಳು. ಚಿನ್ನಮ್ಮ ಮಲವಗೊಪ್ಪದಲ್ಲಿ ಇದ್ದಳು. ಗೋಡೆ ಹಿಡಿದು ನಿಲ್ಲುತ್ತಾಳೆ ಅಂತ ಒಂದು ವಾರ, ನಿಲ್ಲುವುದಿಲ್ಲ ಅಂತ ಇನ್ನೊಂದು ವಾರ ಮಾರಪ್ಪ ಸುದ್ದಿ ತರುತ್ತಿದ್ದ. ಇಲ್ಲಿಯವರೆಗೆ ಹೇಳಿದ್ದು ತಿಳಿದಷ್ಟು. ಮೊಣಕಾಲು ಹೋದದ್ದು ಎಣಿಕೆಯಿಂದಲೋ ಕಾಯಿಲೆಯಿಂದಲೋ ಡಾಕ್ಟರಿಗೇ ತಿಳಿಯಲಿಲ್ಲ, ಹೇಳುವವರಿಗೆ ತಿಳಿಯುವುದೆಲ್ಲಿಂದ ಬಂತು. ಆ ಹದಿಮೂರು ದಿನ ಚಿನ್ನಮ್ಮ ಸಾಕು ಅನ್ನದೆ ಹೂಂ ಅಂದದ್ದು ಮಾವನ ಮೇಲಿನ ಗೌರವದಿಂದಲೋ, ಗುಣವಾಗುತ್ತದೆ ಅನ್ನುವ ನಂಬಿಕೆಯಿಂದಲೋ, ತವರಿಗೆ ಕಳಿಸಿಬಿಡುತ್ತಾರೆ ಅನ್ನುವ ಭಯದಿಂದಲೋ, ಅದನ್ನು ಅವಳನ್ನು ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದವನಿಗೆ ಧೈರ್ಯವಾಗಲಿಲ್ಲ. ಹಾಗಾಗಿ ಅದೂ ಗೊತ್ತಿಲ್ಲ.